‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಪ್ರವಾಹ

“ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲಮ್ಮ.”

ಈ ಮಾತು ಕೇಳಿಸಿಕೊಳ್ಳದ ಹೆಂಗಸು ನಮ್ಮ ಸಂಘಗಳಲ್ಲಿ ಒಬ್ಬಳಾದರೂ ಇದ್ದಾಳೆಯೆ? ಗಂಡನ ಏಟು ತಿಂದು ಠಾಣೆಗೆ ಹೋದವಳು ಕೇಳಿದ್ದಾಳೆ. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೋದವಳು ಕೇಳಿದ್ದಾಳೆ. ಮಳೆಯ ರಾತ್ರಿ ಮನೆಯೊಳಗೆ ಮೊಣಕಾಲುದ್ದ ಚರಂಡಿ ನೀರು ನಿಂತಾಗ ಮಗುವನ್ನು ಅಟ್ಟದ ಮೇಲೆ ಕೂರಿಸಿ ಫೋನು ಮಾಡಿದವಳೂ ಕೇಳಿದ್ದಾಳೆ. ಮೊದಲಿನ ಎರಡು ಸಂಗತಿಗಳ ಬಗ್ಗೆ ಈ ಪತ್ರಿಕೆಯಲ್ಲಿ ಬಹಳ ಬರೆದಿದ್ದೇವೆ. ಮೂರನೆಯದು ನಮ್ಮ ವಿಷಯವಲ್ಲ ಎಂದು ಬಿಟ್ಟಿದ್ದೇವೆ. ಅದೂ ನಮ್ಮದೇ ವಿಷಯ ಎನ್ನುವುದು ನನ್ನ ವಾದ.

ನಾನು ಮೂರು ದಶಕ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿದವಳು. ಸ್ಥಳೀಯ ಸರಕಾರದ ಅಧ್ಯಾಯ ಬಂದಾಗ ಕಪ್ಪುಹಲಗೆಯ ಮೇಲೆ ಚೌಕಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುತ್ತಿದ್ದೆ. ಈಗ ಪುಟ್ಟೇನಹಳ್ಳಿಯಲ್ಲಿ ಕುಳಿತು ನೋಡಿದರೆ ಚೌಕಗಳೆಲ್ಲ ಹಾಗೆಯೇ ಇವೆ, ದಿನೇ ದಿನೇ ಹೆಚ್ಚುತ್ತಲೂ ಇವೆ. ಬಾಣಗಳು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಒಂದು ಕಾಲುವೆಗೆ ಎಷ್ಟು ಯಜಮಾನರು?

ನಾನು ಹೇಳುತ್ತಿರುವುದು ಯಲಹಂಕದ ಪುಟ್ಟೇನಹಳ್ಳಿ. ಬೆಂಗಳೂರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ. ಇನ್ನೊಂದು ಜೆ.ಪಿ. ನಗರದ ಕಡೆ, ಅಲ್ಲಿಯೂ ಒಂದು ಕೆರೆ ಇದೆ. ಒಮ್ಮೆ ಮಳೆಯ ದಿನ ನಾನು ಕೊಟ್ಟ ದೂರನ್ನು ಒಂದು ಕಚೇರಿಯವರು ಆ ಪುಟ್ಟೇನಹಳ್ಳಿಗೆ ಕಳಿಸಿ, ‘ಸ್ಥಳ ಪರಿಶೀಲಿಸಲಾಗಿದೆ, ನೀರು ನಿಂತಿಲ್ಲ’ ಎಂದು ಮುಚ್ಚಿಬಿಟ್ಟರು. ನಗುವ ವಿಷಯವೇ ಸರಿ. ಆದರೆ ನೀರು ನಿಂತ ಮನೆಯಲ್ಲಿ ಬಾಣಂತಿ ಇದ್ದಳು.

ಈಗ ನಮ್ಮ ಸುತ್ತಿನ ನೀರಿಗೆ ಯಾರು ಯಾರು ಒಡೆಯರೆಂದು ನೋಡೋಣ. ಪಕ್ಷಿಗಳ ಸಂರಕ್ಷಣಾ ತಾಣವೆಂದು ಘೋಷಿಸಿರುವ ಪುಟ್ಟೇನಹಳ್ಳಿ ಕೆರೆ ಅರಣ್ಯ ಇಲಾಖೆಯದು. ರಾಜಕಾಲುವೆ ಪಾಲಿಕೆಯದು. ಅದರೊಳಗೆ ಸೇರುವ ಕೊಳಚೆಯ ಪೈಪು ಜಲಮಂಡಳಿಯದು. ಕಾಲುವೆಯ ಒತ್ತುವರಿ ಅಳೆಯಬೇಕಾದದ್ದು ಕಂದಾಯ ಇಲಾಖೆ. ಬಳ್ಳಾರಿ ರಸ್ತೆಯ ಪಕ್ಕದ ಮೋರಿ ಹೆದ್ದಾರಿ ಪ್ರಾಧಿಕಾರದ್ದು. ನೀರೊಳಗೆ ಮುಳುಗಿದ ಕರೆಂಟು ಪೆಟ್ಟಿಗೆ ಬೆಸ್ಕಾಂನದು. ದೋಣಿ ತರುವವರು ಅಗ್ನಿಶಾಮಕ ದಳ, ಇಲ್ಲವೆ ವಿಪತ್ತು ಸ್ಪಂದನ ಪಡೆ. ಇಷ್ಟು ಯಜಮಾನರಿರುವ ನೀರು ಕೊನೆಗೆ ಯಾರ ಮನೆಗೆ ನುಗ್ಗುತ್ತದೋ ಆ ಮನೆಯವಳದು! ಬಕೀಟು, ಪೊರಕೆ, ಹಳೆ ಸೀರೆ ಹಿಡಿದು ಬೆಳಗಿನ ತನಕ ಎತ್ತಿ ಹಾಕುವುದು ಯಾವ ಇಲಾಖೆಯ ವ್ಯಾಪ್ತಿಗೂ ಬಾರದ ಅವಳ ಕೆಲಸ.

ಹಿಂದೆ ಊರಿನ ಕೆರೆಗೆ ನೀರುಗಂಟಿ ಎಂಬವನಿದ್ದ. ತೂಬು ಎತ್ತುವುದು, ಕೋಡಿ ಹರಿಯುವುದನ್ನು ಕಾಯುವುದು, ಏರಿ ಒಡೆಯುವ ಸೂಚನೆ ಕಂಡರೆ ಊರನ್ನು ಎಬ್ಬಿಸುವುದು ಅವನ ಕೆಲಸ. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆ ಕೆಲಸವನ್ನು ಜಾತಿ ನೋಡಿ ಹೊರಿಸಿದ್ದರು, ನೀರಿನ ಪಂಚಾಯಿತಿಯಲ್ಲಿ ಹೆಂಗಸಿಗೆ ಬಾಯಿ ಇರಲಿಲ್ಲ. ಆದರೂ ‘ಕೆರೆ ಯಾಕಪ್ಪಾ ಒಡೀತು?’ ಎಂದು ಕೇಳಲು ಒಬ್ಬ ಮನುಷ್ಯ ಇದ್ದ. ಇಂದು ಇಲಾಖೆಗಳು ಎಷ್ಟೋ ಇವೆ, ಆ ಒಬ್ಬ ಇಲ್ಲ.

ಮೂರು ವರ್ಷದೊಳಗೆ ಎರಡು ಸಲ

2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ಎಂಬ ವಸತಿ ಸಮುಚ್ಚಯ ಮುಳುಗಿತು. ಆರುನೂರಕ್ಕೂ ಹೆಚ್ಚು ಮನೆಗಳಿರುವ ಜಾಗ. ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರತಂದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬಂದು ನೋಡಿದರು, ಯಲಹಂಕ ಕೆರೆಯಿಂದ ಜಕ್ಕೂರು ಕೆರೆಗೆ ಹೋಗುವ ರಾಜಕಾಲುವೆಯನ್ನು ಅಗಲ ಮಾಡುತ್ತೇವೆಂದು ಹೇಳಿದರು. 2024ರ ಅಕ್ಟೋಬರಿನಲ್ಲಿ ಅದೇ ಸಮುಚ್ಚಯ ಮತ್ತೆ ಮುಳುಗಿತು. ಮತ್ತೆ ದೋಣಿ, ಮತ್ತೆ ಟ್ರ್ಯಾಕ್ಟರು. ನಡುವೆ ಆಳುವ ಪಕ್ಷ ಬದಲಾಯಿತು, ನೀರು ನುಗ್ಗುವ ದಾರಿ ಬದಲಾಗಲಿಲ್ಲ.

‘ಒಂದೇ ರಾತ್ರಿ ಅಷ್ಟು ಮಳೆ ಬಂದರೆ ಯಾರೇನು ಮಾಡಲಾಗುತ್ತದೆ?’ ಎನ್ನುತ್ತಾರೆ. ಮಳೆ ಜೋರಾಗಿತ್ತು, ನಿಜ. ದೋಣಿ ಹಿಡಿದು ರಾತ್ರಿಯೆಲ್ಲ ನೀರಲ್ಲಿ ನಿಂತ ಹುಡುಗರ ಬಗ್ಗೆ ನನಗೆ ಗೌರವವಿದೆ. ಆದರೆ ಮಳೆ ತಿಳಿಯದೆ ಬಂತೆ? ಪುಟ್ಟೇನಹಳ್ಳಿಯ ಮಗ್ಗುಲಿನ ಅಟ್ಟೂರಿನಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ಮಳೆಮಾಪಕ ಇಟ್ಟಿದೆ. ರೈತರಿಗೆ ‘ವರುಣಮಿತ್ರ’ ಎಂಬ ಸಹಾಯವಾಣಿ ನಡೆಸಿದೆ, ಬೆಂಗಳೂರಿಗರಿಗೆ ‘ಮೇಘಸಂದೇಶ’ ಎಂಬ ಆ್ಯಪ್ ಮಾಡಿಕೊಟ್ಟಿದೆ. ರಾಯಚೂರಿನ ಹೊಲದಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತೆಂದು ಅಟ್ಟೂರಿನ ಕಟ್ಟಡಕ್ಕೆ ಗೊತ್ತಾಗುತ್ತದೆ. ಆ ಕಟ್ಟಡದಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಾಲುವೆ ಪಕ್ಕದ ಶೀಟಿನ ಮನೆಯಲ್ಲಿ ಮಲಗಿದವಳಿಗೆ ನೀರು ಚಾಪೆ ಮುಟ್ಟಿದಾಗಲೇ ಗೊತ್ತಾಗುತ್ತದೆ. ತಿಳಿವಳಿಕೆ ಇಲ್ಲದ್ದಕ್ಕೆ ಬಂದ ತೊಂದರೆಯಲ್ಲ ಇದು. ತಿಳಿದದ್ದನ್ನು ಅವಳ ಬಾಗಿಲಿಗೆ ಮುಟ್ಟಿಸುವುದು ಯಾರ ಕೆಲಸವೆಂದು ಯಾರೂ ಬರೆದಿಡಲಿಲ್ಲ.

ಇನ್ನೊಂದು ಮಾತು. ಮುಳುಗಿದ ಸಮುಚ್ಚಯದ ಮುಂದೆ ಕ್ಯಾಮೆರಾ ಬಂತು, ಮಂತ್ರಿ ಬಂದರು. ಅಲ್ಲಿಯವರ ಕಷ್ಟವೂ ಕಷ್ಟವೇ. ಆದರೆ ಮನೆಗಳು ಖಾಲಿಯಾದಾಗ ಅಲ್ಲಿ ಪಾತ್ರೆ ತೊಳೆಯುವ, ಅಡುಗೆ ಮಾಡುವ ಹೆಂಗಸರ ಕೆಲಸವೂ ನಿಂತಿತಲ್ಲ, ಅದನ್ನು ಯಾವ ಪಟ್ಟಿಯಲ್ಲಿ ಬರೆದರು? ಅವಳ ಮನೆಗೂ ನೀರು, ಅವಳು ದುಡಿಯುವ ಮನೆಗೂ ನೀರು. ಸಂಘದ ಕಂತು ಮಾತ್ರ ತಪ್ಪುವ ಹಾಗಿಲ್ಲ.

ಕೇಳುವವರೂ ಇಲ್ಲ, ಕೇಳಬೇಕಾದವರೂ ಇಲ್ಲ

ನಮ್ಮ ಯಲಹಂಕಕ್ಕೆ ತನ್ನದೇ ನಗರಸಭೆಯಿತ್ತು. 2007ರಲ್ಲಿ ಅದನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿದರು. 2015ರ ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಹೆಂಡತಿ ಸದಸ್ಯೆ, ಗಂಡ ಆಡಳಿತಗಾರ ಎಂಬ ನಾಟಕ ಅಲ್ಲಿಯೂ ನಡೆಯಿತು, ಒಪ್ಪುತ್ತೇನೆ. ಆದರೂ ರಾತ್ರಿ ಬಾಗಿಲು ತಟ್ಟಲು ಒಂದು ಮನೆ ಇತ್ತು. 2020ರ ಸೆಪ್ಟೆಂಬರಿನಲ್ಲಿ ಆ ಮಂಡಳಿಯ ಅವಧಿ ಮುಗಿಯಿತು, ಮತ್ತೆ ಚುನಾವಣೆ ನಡೆಸಲಿಲ್ಲ. 2021ರ ನೆರೆ, 2022ರ ನೆರೆ, 2024ರ ನೆರೆ, ಈ ಮೂರರಲ್ಲಿಯೂ ಬೆಂಗಳೂರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಧಿಕಾರಿಗಳಿಗೆ ಅಧಿಕಾರಿಗಳೇ ಉತ್ತರ ಹೇಳಿಕೊಂಡರು. 2025ರಲ್ಲಿ ಪಾಲಿಕೆಯನ್ನೇ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ ಮಾಡಿದರು. ನಾವು ಬೆಂಗಳೂರು ಉತ್ತರಕ್ಕೆ ಸೇರಿದೆವು. ಬೋರ್ಡು ಬದಲಾಯಿತು. ನೀರು ಒಂದು ಪಾಲಿಕೆಯ ಗಡಿ ದಾಟಿ ಇನ್ನೊಂದಕ್ಕೆ ಹರಿಯುವಾಗ ಫೋನು ಯಾರಿಗೆ ಮಾಡಬೇಕು ಎಂಬ ಪ್ರಶ್ನೆ ಇನ್ನಷ್ಟು ಕಗ್ಗಂಟಾಯಿತು.

ವಿಪತ್ತು ಗಡಿ ನೋಡುವುದಿಲ್ಲ ಗೆಳತಿಯರೇ. 2022ರ ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ನೆರೆ ನುಗ್ಗಿತು, ಇತ್ತ ಬೆಂಗಳೂರಿನ ನಲ್ಲಿಯಲ್ಲಿ ಕಾವೇರಿ ನಿಂತಳು. ರಸ್ತೆ ತುಂಬ ನೀರು, ಬಿಂದಿಗೆಯಲ್ಲಿ ಮಾತ್ರ ಇಲ್ಲ! ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರು ಯಾರು? 2023ರ ಮೇ 21ರಂದು ವಿಧಾನಸೌಧದ ಕೂಗಳತೆಯ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಸತ್ತಳು. ಮಳೆ ಬಂದಾಗ ಆ ದಾರಿಯನ್ನು ಮುಚ್ಚಬೇಕಾದವರು ಯಾರೆಂಬ ಚರ್ಚೆ ಅವಳು ಸತ್ತ ಮೇಲೆ ಶುರುವಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಒಂದೇ ವರ್ಷದ ಎರಡು ಕಾಯಿದೆಗಳು

2005ನೇ ಇಸವಿಯಲ್ಲಿ ಪಾರ್ಲಿಮೆಂಟು ಎರಡು ಕಾಯಿದೆ ಮಾಡಿತು. ಒಂದು, ನಾವೆಲ್ಲ ಬೀದಿಗಿಳಿದು ಪಡೆದುಕೊಂಡ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಇನ್ನೊಂದು, ವಿಪತ್ತು ನಿರ್ವಹಣಾ ಕಾಯಿದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿ.

ಮೊದಲನೆಯದು ಬರುವ ಮುಂಚೆ ಏಟು ತಿಂದವಳು ಪೋಲೀಸು, ಆಸ್ಪತ್ರೆ, ವಕೀಲರು, ಕೋರ್ಟು, ಸಂಘ ಎಂದು ಬಾಗಿಲು ಬಾಗಿಲು ಅಲೆಯುತ್ತಿದ್ದಳು. ಮಹಿಳಾ ಚಳವಳಿ ಹಠ ಹಿಡಿದು ಒಂದು ಹೆಸರು ಬರೆಸಿತು: ಸಂರಕ್ಷಣಾಧಿಕಾರಿ. ವರದಿ ಬರೆಯುವುದು, ಆಸ್ಪತ್ರೆಗೆ ಕಳಿಸುವುದು, ಆಶ್ರಯ ಕೊಡಿಸುವುದು, ಮ್ಯಾಜಿಸ್ಟ್ರೇಟರಿಗೆ ತಲುಪಿಸುವುದು ಆ ಒಬ್ಬರ ಹೊಣೆ. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ತಲೆಗೆ ಕಟ್ಟಿದ್ದಾರೆ, ಅವರಿಗೆ ಅಂಗನವಾಡಿಯ ಕೆಲಸವೇ ಬೆಟ್ಟದಷ್ಟು. ಲೋಪಗಳು ಬೇಕಾದಷ್ಟಿವೆ. ಆದರೆ ಲೋಪವಾದಾಗ ಬೊಟ್ಟು ಮಾಡಿ ತೋರಿಸಲು ಒಂದು ಕುರ್ಚಿ ಇದೆ. ಆ ಕುರ್ಚಿಯೇ ನಮ್ಮ ಗೆಲುವು.

ಎರಡನೆಯ ಕಾಯಿದೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು, ಪೋಲೀಸ್ ವರಿಷ್ಠರು, ಆರೋಗ್ಯಾಧಿಕಾರಿ, ಮುಖ್ಯ ಕಾರ್ಯನಿರ್ವಾಹಕರು, ಮತ್ತಿಬ್ಬರು ಜಿಲ್ಲಾ ಮಟ್ಟದ ಅಧಿಕಾರಿಗಳು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಆ ಮೇಜಿನಲ್ಲಿ ಹೆಸರು ಹೇಳಿ ಕೊಟ್ಟ ಕುರ್ಚಿ ಇಲ್ಲ. ಹೆಂಗಸು ಆ ಕಾಯಿದೆಯಲ್ಲಿ ಎಲ್ಲಿದ್ದಾಳೆಂದು ಹುಡುಕಿದೆ. ಪರಿಹಾರದ ಕನಿಷ್ಠ ಮಟ್ಟ ಹೇಳುವ 12ನೇ ಕಲಮಿನಲ್ಲಿ ಸಿಕ್ಕಳು: ‘ವಿಧವೆಯರು ಮತ್ತು ಅನಾಥರಿಗೆ’ ವಿಶೇಷ ಏರ್ಪಾಟು ಮಾಡಬೇಕಂತೆ. ಗಂಡ ಸತ್ತ ಮೇಲೆ ಮಾತ್ರ ಹೆಂಗಸು ಕಾನೂನಿನ ಕಣ್ಣಿಗೆ ಬೀಳುತ್ತಾಳೆ! ಗಂಡ ಬದುಕಿದ್ದು, ಕುಡಿದು ಬಂದು, ಪರಿಹಾರದ ಹಣ ಕಿತ್ತುಕೊಳ್ಳುವವಳಿಗೆ ಏನು ಏರ್ಪಾಟು?

2025ರಲ್ಲಿ ಈ ಕಾಯಿದೆಗೆ ತಿದ್ದುಪಡಿ ಬಂತು. ರಾಜಧಾನಿಗಳಿಗೂ ಮಹಾನಗರ ಪಾಲಿಕೆ ಇರುವ ನಗರಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಬಹುದು, ಪಾಲಿಕೆಯ ಆಯುಕ್ತರು ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು, ಉಳಿದ ಸದಸ್ಯರನ್ನು ರಾಜ್ಯ ಸರಕಾರ ಗೊತ್ತುಮಾಡುತ್ತದೆ. ಆ ‘ಉಳಿದ ಸದಸ್ಯರು’ ಎಂಬ ಎರಡು ಪದಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾವು ಕಾಲಿಡಬಹುದಾದ ಸಂದಿ ಅದು.

ಕಾಳಜಿ ಕೇಂದ್ರದಲ್ಲಿ ಯಾರ ಕಾಳಜಿ?

ಗಂಜಿ ಕೇಂದ್ರ ಎಂಬ ಹೆಸರು ಚೆನ್ನಾಗಿಲ್ಲವೆಂದು ಈಗ ‘ಕಾಳಜಿ ಕೇಂದ್ರ’ ಎನ್ನುತ್ತಾರೆ. ಒಂದು ಶಾಲೆ ಅಥವಾ ಕಲ್ಯಾಣ ಮಂಟಪ, ಒಂದೇ ಹಜಾರ. ಗಂಡನ ಕೈಯಿಂದ ತಪ್ಪಿಸಿಕೊಂಡು ತವರಿನಲ್ಲಿದ್ದವಳು, ಅವಳನ್ನು ಹುಡುಕಿಕೊಂಡು ಬಂದ ಗಂಡ, ಇಬ್ಬರೂ ಅದೇ ಹಜಾರದಲ್ಲಿ. ಅಲ್ಲಿ ಕೈ ಎತ್ತಿದರೆ ಬಿಡಿಸುವವರು ಯಾರು? ಊಟದ ಉಸ್ತುವಾರಿಯವನು ‘ಪೋಲೀಸಿಗೆ ಹೇಳಿ’ ಎನ್ನುತ್ತಾನೆ. ಪೋಲೀಸಿನವನು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಗಾದೆ ಹೇಳುತ್ತಾನೆ. ಉಣ್ಣಲು ಅನ್ನವೂ ಮಲಗಲು ಮನೆಯೂ ಇಲ್ಲದ ದಿನ ಆ ಗಾದೆಗೆ ಏನು ಅರ್ಥ? ಸಂರಕ್ಷಣಾಧಿಕಾರಿಗೆ ಇಂಥ ಕಡೆ ಕೇಂದ್ರ ತೆರೆದಿದೆ ಎಂಬ ಸುದ್ದಿಯಾದರೂ ತಲುಪಬೇಕಲ್ಲ.

ನೀರು ಹೊತ್ತೊಯ್ಯುವುದು ಪಾತ್ರೆ, ಬಟ್ಟೆಯನ್ನಷ್ಟೇ ಅಲ್ಲ. ನಮ್ಮ ಸಂಘದ ಒಬ್ಬಳ ಟ್ರಂಕಿನಲ್ಲಿ ಮದುವೆಯ ಫೋಟೋ, ಲಗ್ನಪತ್ರಿಕೆ, ತವರಿನವರು ಬಂಗಾರ ಕೊಂಡ ರಸೀತಿ, ಕೈ ಮುರಿದಾಗ ಆಸ್ಪತ್ರೆಯಲ್ಲಿ ಬರೆದ ಚೀಟಿ ಇದ್ದವು. ವರದಕ್ಷಿಣೆ ಮೊಕದ್ದಮೆಗೆ ಅವಳಿಗಿದ್ದ ಸಾಕ್ಷಿ ಅಷ್ಟೇ. ಒಂದು ರಾತ್ರಿಯ ಕೊಳಚೆ ನೀರಿನಲ್ಲಿ ಅವೆಲ್ಲ ಮುದ್ದೆಯಾದವು. ನಕಲು ಪಡೆಯಲು ಒಂದೊಂದು ಕಾಗದಕ್ಕೆ ಒಂದೊಂದು ಕಚೇರಿ, ಪ್ರತಿಯೊಂದರಲ್ಲೂ ‘ಮೊದಲು ಅವರಿಂದ ಪತ್ರ ತನ್ನಿ’. ನಷ್ಟದ ಪಟ್ಟಿ ಬರೆದವರು ಅವಳ ಮಿಕ್ಸಿ ಬರೆದುಕೊಂಡರು, ಟಿ.ವಿ. ಬರೆದುಕೊಂಡರು. ಅವಳ ಮೊಕದ್ದಮೆ ಕೊಚ್ಚಿಹೋದದ್ದನ್ನು ಬರೆಯಲು ಆ ಕಾಗದದಲ್ಲಿ ಅಂಕಣ ಇರಲಿಲ್ಲ.

ಇನ್ನು ಹಣ. ಗಣತಿಗೆ ಬಂದವರು ಬಾಗಿಲಲ್ಲಿ ನಿಂತು ‘ಯಜಮಾನರು ಯಾರು?’ ಎಂದೇ ಕೇಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಾಡಿಗೆ ಮನೆಯಾದರೆ ‘ಓನರು ಎಲ್ಲಿ?’ ಎನ್ನುತ್ತಾರೆ. 2013ರ ಆಹಾರ ಭದ್ರತಾ ಕಾಯಿದೆ ಮನೆಯ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಯಜಮಾನಿ ಎಂದಿದೆ. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಜಮಾನಿಯ ಖಾತೆಗೇ ಕಟ್ಟಲಾಗುತ್ತಿದೆ. ಖಾತೆ ಸರಕಾರಕ್ಕೆ ಗೊತ್ತಿದೆ, ಹೆಸರು ಗೊತ್ತಿದೆ. ಇಷ್ಟೆಲ್ಲ ಗೊತ್ತಿರುವ ಸರಕಾರ ನೆರೆ ಬಂದ ದಿನ ಮಾತ್ರ ಯಜಮಾನನನ್ನು ಹುಡುಕುವುದೇಕೆ? ಒಂದು ಇಲಾಖೆಯ ಪಟ್ಟಿಯನ್ನು ಇನ್ನೊಂದು ಇಲಾಖೆ ನೋಡದಿದ್ದರೆ ಅದರ ಬೆಲೆಯನ್ನು ತೆರುವವಳು ಹೆಂಗಸು.

ಬೇರೆ ಕಡೆ ಆಗಿದೆ

ಇದು ಆಗದ ಹೋಗದ ಮಾತೇನಲ್ಲ. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಒಡಿಶಾದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆ ವರ್ಷವೇ ಅವರು ವಿಪತ್ತಿಗಾಗಿ ಪ್ರತ್ಯೇಕ ಸಂಸ್ಥೆ ಕಟ್ಟಿದರು, ಕರಾವಳಿಯ ಹಳ್ಳಿಗಳಲ್ಲಿ ಆಶ್ರಯ ಕಟ್ಟಡಗಳನ್ನು ಎಬ್ಬಿಸಿದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸತ್ತವರು ನೂರಕ್ಕಿಂತ ಕಡಿಮೆ. ಬಡ ರಾಜ್ಯವೇ ಇದನ್ನು ಮಾಡಿತು ಎಂದ ಮೇಲೆ ದುಡ್ಡಿಲ್ಲ ಎನ್ನುವ ನೆಪ ನಿಲ್ಲುವುದಿಲ್ಲ.

1991ರ ಬಾಂಗ್ಲಾದೇಶದ ಚಂಡಮಾರುತದಲ್ಲಿ ಲಕ್ಷಕ್ಕೂ ಮೀರಿ ಜನ ಸತ್ತರು, ಗಂಡಸರಿಗಿಂತ ಹೆಂಗಸರೇ ಹೆಚ್ಚು. ಗಂಡನ ಅಪ್ಪಣೆ ಇಲ್ಲದೆ ಮನೆ ಬಿಡಲಾರದೆ, ಪರಗಂಡಸರ ನಡುವೆ ಆಶ್ರಯದಲ್ಲಿ ಮಲಗಲು ಅಂಜಿ ಉಳಿದವರಿದ್ದರು. ಸಾಯುವುದಕ್ಕೂ ಮನೆಯೊಳಗಿನ ಕಟ್ಟುಪಾಡೇ ಕಾರಣವಾಯಿತು. ಆಮೇಲೆ ಅವರು ಎಚ್ಚರಿಕೆ ಕೊಡುವ ಸ್ವಯಂಸೇವಕರಲ್ಲಿ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡರು. ಹೆಂಗಸು ಬಂದು ಕರೆದರೆ ಹೆಂಗಸು ಹೊರಡುತ್ತಾಳೆ.

2018ರಲ್ಲಿ ಕೇರಳದ ಕುಟುಂಬಶ್ರೀ ಸಂಘಗಳ ಹೆಂಗಸರು ಕೆಸರು ತುಂಬಿದ ಮನೆಗಳನ್ನು ತೊಳೆಯಲು ಇಳಿದರು. ಅವರಿಗೆ ನಮಸ್ಕಾರ. ಆದರೆ ಎಚ್ಚರ! ನಮ್ಮನ್ನು ಪೊರಕೆ ಹಿಡಿಯಲು ಮಾತ್ರ ಕರೆದು, ಪೆನ್ನು ಹಿಡಿಯುವ ಸಭೆಗೆ ಕರೆಯದಿದ್ದರೆ ನಾವು ಹೋಗಬಾರದು.

ಸಮನ್ವಯ ಎನ್ನುವ ಸಿಹಿ ಮಾತು

ಪ್ರತಿ ನೆರೆಯ ನಂತರವೂ ‘ಇಲಾಖೆಗಳ ನಡುವೆ ಸಮನ್ವಯದ ಕೊರತೆ’ ಎಂಬ ಹೇಳಿಕೆ ಬರುತ್ತದೆ. 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿ ಬೆಂಗಳೂರಿನ ಮಳೆನೀರಿನ ಕಾಲುವೆಗಳ ದುರವಸ್ಥೆಯನ್ನೂ ಕೆರೆಗಳ ನಡುವಿನ ಸಂಪರ್ಕ ಕಡಿದುಹೋದದ್ದನ್ನೂ ಬಿಡಿಸಿ ಹೇಳಿತು. ಅದೇ ನವೆಂಬರಿನಲ್ಲಿ ಯಲಹಂಕ ಮುಳುಗಿತು.

ಸಮನ್ವಯ ಎಂಬ ಮಾತಿಗೆ ಮರುಳಾಗಬೇಡಿ. ಅದು ತಪ್ಪನ್ನು ಎಲ್ಲರಿಗೂ ಹಂಚಿ ಯಾರಿಗೂ ಅಂಟದಂತೆ ಮಾಡುವ ಮಾತು. ಹೊಣೆ ಯಾರದು ಎಂದು ಕೇಳಿ. ಹೆಸರೇನು, ಫೋನು ಎಷ್ಟು, ಮಾಡದಿದ್ದರೆ ಏನು ಎಂದು ಕೇಳಿ. ಹೊಣೆ ಒಬ್ಬರ ಮೇಲೆ ಬಿದ್ದ ದಿನ ಸಮನ್ವಯ ತಾನಾಗಿ ಬರುತ್ತದೆ. ನಮ್ಮ ಬೇಡಿಕೆಗಳು ಇವು:

1. ಪ್ರತಿ ವಾರ್ಡಿಗೂ ವಿಪತ್ತಿನ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರಬೇಕು. ಮುಂಗಾರಿಗೆ ಮುಂಚೆ ಅವರ ಹೆಸರು, ಫೋನು ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ‘ನಮ್ಮ ವ್ಯಾಪ್ತಿಯಲ್ಲ’ ಎನ್ನುವ ಅಧಿಕಾರ ಅವರಿಗಿರಬಾರದು.

2. ನಗರ ವಿಪತ್ತು ಪ್ರಾಧಿಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಗೂ ಸ್ವಸಹಾಯ ಸಂಘಗಳಿಗೂ ಕುರ್ಚಿ ಬೇಕು.

3. ಮಳೆಯ ಎಚ್ಚರಿಕೆ ಆ್ಯಪ್ ಇದ್ದವರಿಗಷ್ಟೇ ಸಾಲದು. ಸಂಘದ ಅಧ್ಯಕ್ಷೆಗೆ, ಅಂಗನವಾಡಿ ಕಾರ್ಯಕರ್ತೆಗೆ ಫೋನು, ತಗ್ಗು ಬೀದಿಗಳಲ್ಲಿ ಧ್ವನಿವರ್ಧಕ.

4. ಪರಿಹಾರದ ಹಣ ಯಜಮಾನಿಯ ಖಾತೆಗೆ ಬರಬೇಕು. ಬಾಡಿಗೆಯವರಿಗೆ ಮನೆ ಮಾಲೀಕನ ಪತ್ರ ಕೇಳಬಾರದು.

5. ಕಾಳಜಿ ಕೇಂದ್ರದಲ್ಲಿ ಚಿಲಕವಿರುವ ಶೌಚಾಲಯ, ರಾತ್ರಿ ದೀಪ, ಮಹಿಳಾ ಪೋಲೀಸು, ದಿನಕ್ಕೊಮ್ಮೆ ಸಂರಕ್ಷಣಾಧಿಕಾರಿಯ ಭೇಟಿ, ಗೋಡೆಯ ಮೇಲೆ 181 ಮತ್ತು 112ರ ಫಲಕ.

6. ಪ್ರತಿ ವರ್ಷ ಏಪ್ರಿಲಿನಲ್ಲಿ ಎಲ್ಲ ಇಲಾಖೆಗಳೂ ಒಟ್ಟಾಗಿ, ನಮ್ಮನ್ನೂ ಕರೆದುಕೊಂಡು ರಾಜಕಾಲುವೆಯ ಉದ್ದಕ್ಕೂ ನಡೆಯಬೇಕು, ನೋಡಿದ್ದನ್ನು ಬರೆದು ಸಹಿ ಹಾಕಿ ನಮಗೆ ಪ್ರತಿ ಕೊಡಬೇಕು.

‘ಸಾಲ, ಉಳಿತಾಯ ಬಿಟ್ಟು ಇದೆಲ್ಲ ಸಂಘದ ಕೆಲಸವೆ?’ ಎಂದು ಕೆಲವರು ಕೇಳಬಹುದು. ಹತ್ತು ವರ್ಷ ಉಳಿಸಿ ಕೊಂಡ ಹೊಲಿಗೆ ಯಂತ್ರ ಒಂದು ರಾತ್ರಿಯಲ್ಲಿ ತುಕ್ಕು ಹಿಡಿದರೆ ಉಳಿತಾಯ ಎಲ್ಲಿ ಉಳಿಯಿತು? ಸರಕಾರ ಮಾಡುವ ತನಕ ಕಾಯದೆ ನಾವು ಶುರು ಮಾಡಬಹುದಾದ್ದು ಇದೆ. ಬೀದಿಯಲ್ಲಿ ಹಾಸಿಗೆ ಹಿಡಿದವರು, ಬಸುರಿಯರು, ಒಂಟಿ ಮುದುಕಿಯರು ಯಾರು ಯಾರೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಗಂಡನಿಂದ ಅಪಾಯವಿರುವವಳ ಹೆಸರನ್ನು ಬರೆಯಬೇಡಿ, ಇಬ್ಬರು ನಂಬಿಗಸ್ತರು ಮನಸ್ಸಿನಲ್ಲಿಟ್ಟುಕೊಳ್ಳಿ. ಪ್ರತಿಯೊಬ್ಬಳ ಕಾಗದಪತ್ರದ ಒಂದು ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತರದ ಮನೆಯ ಗೆಳತಿಯ ಬೀರುವಿನಲ್ಲಿಡಿ.

ಅದೇ 2005ರಲ್ಲಿ ಬಂದ ಮೂರನೆಯ ಕಾಯಿದೆಯನ್ನೂ ಕೈಗೆತ್ತಿಕೊಳ್ಳಿ: ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ನೂರೈವತ್ತು ಪದದೊಳಗೆ. ‘ನಮ್ಮ ವಾರ್ಡಿನಲ್ಲಿ ನೆರೆ ಬಂದರೆ ಹೊಣೆಗಾರ ಅಧಿಕಾರಿ ಯಾರು? ಹೆಸರು ಮತ್ತು ಹುದ್ದೆ ತಿಳಿಸಿ.’ ಇಷ್ಟೇ ಬರೆಯಿರಿ. ಪಾಲಿಕೆಗೆ ಒಂದು, ಜಿಲ್ಲಾಧಿಕಾರಿಗೆ ಒಂದು, ಜಲಮಂಡಳಿಗೆ ಒಂದು ಕಳಿಸಿ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಮೂವರೂ ಒಂದೇ ಹೆಸರು ಹೇಳಿದರೆ ನಾವು ಗೆದ್ದಂತೆ. ಮೂರು ಹೆಸರು ಹೇಳಿದರೆ, ಅಥವಾ ಯಾರೂ ಯಾವ ಹೆಸರೂ ಹೇಳದಿದ್ದರೆ, ಆ ಮೂರು ಕಾಗದಗಳನ್ನು ಹಿಡಿದು ಮುಂದಿನ ಮುಂಗಾರಿಗೆ ಮುಂಚೆ ಪಾಲಿಕೆ ಕಚೇರಿಯ ಮೆಟ್ಟಿಲ ಮೇಲೆ ಕೂರೋಣ. ಆ ಮೆಟ್ಟಿಲಂತೂ ಅವರ ವ್ಯಾಪ್ತಿಗೇ ಬರುತ್ತದೆ.